‘ನೀನಾಗೇ ಬರೆದುಕೊಟ್ಟು ಹೋಗು’ ಎಂದಾಗ

ಪ್ರಶ್ನೆ: ನನ್ನ ತಮ್ಮ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಏಳು ವರ್ಷ ಎಂಟು ತಿಂಗಳಿಂದ ಮಷಿನ್ ಆಪರೇಟರ್. ಬೇಸಿಕ್, ಡಿಎ ಸೇರಿ 24,000 ರೂಪಾಯಿ ಸಂಬಳ. ಅಲ್ಲಿ ಒಟ್ಟು 120 ಜನ ಇದ್ದಾರೆ. ಹೋದ ತಿಂಗಳು ಎಚ್‌ಆರ್‌ನವರು ಕರೆದು, ‘ಆರ್ಡರ್ ಇಲ್ಲ, ನೀನಾಗೇ ರಾಜೀನಾಮೆ ಬರೆದುಕೊಟ್ಟರೆ ಎರಡು ತಿಂಗಳ ಸಂಬಳ ಕೊಡುತ್ತೇವೆ, ಇಲ್ಲದಿದ್ದರೆ ಏನೂ ಸಿಗಲ್ಲ’ ಅಂದರಂತೆ. ಅವನು ಬರೆದುಕೊಡಲಿಲ್ಲ. ಮಾರನೆಯ ದಿನದಿಂದ ಗೇಟಿನಲ್ಲಿ ಸೆಕ್ಯುರಿಟಿಯವರು ಒಳಗೆ ಬಿಡುತ್ತಿಲ್ಲ. ನಾನು ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೀಮ್ ಲೀಡ್. ನಮ್ಮಲ್ಲೂ ಮೀಟಿಂಗ್ ರೂಮಿಗೆ ಕರೆದು ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ಕಿತ್ತುಕೊಂಡು ಕಳಿಸಿದ್ದನ್ನು ನೋಡಿದ್ದೇನೆ. ಕಾರಣವಿಲ್ಲದೆ ಕೆಲಸದಿಂದ ತೆಗೆದರೆ ಕಾನೂನು ನಿಜವಾಗಿ ಏನು ಮಾಡುತ್ತದೆ? ನಮ್ಮಿಬ್ಬರಿಗೂ ಒಂದೇ ಕಾನೂನೇ?
– ಓರ್ವ ಓದುಗರು, ತುಮಕೂರು

ಉತ್ತರ: ನಿಮ್ಮ ತಮ್ಮ ಬರೆದುಕೊಡದೆ ಎದ್ದು ಬಂದದ್ದೇ ಈ ಪ್ರಕರಣದಲ್ಲಿ ಇದುವರೆಗೆ ಆಗಿರುವ ದೊಡ್ಡ ಒಳ್ಳೆಯ ಕೆಲಸ. ಏಕೆ ಎನ್ನುವುದಕ್ಕೆ ಕಾನೂನಿನ ಪುಸ್ತಕಕ್ಕಿಂತ ಮೊದಲು ಒಂದು ಲೆಕ್ಕ ಹಾಕೋಣ.

ಆರ್ಡರ್ ಇಲ್ಲವೆಂದು ಕೆಲಸಗಾರನನ್ನು ತೆಗೆಯುವುದಕ್ಕೆ ಕಾನೂನಿನಲ್ಲಿ ರಿಟ್ರೆಂಚ್‌ಮೆಂಟ್ ಎನ್ನುತ್ತಾರೆ. ಅದನ್ನು ಮಾಡಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಮಾಡುವುದಾದರೆ ಬೆಲೆ ಕೊಡು ಎನ್ನುತ್ತದೆ. ಒಂದು ತಿಂಗಳ ನೋಟಿಸ್, ಇಲ್ಲವೇ ಅದರ ಬದಲಿಗೆ ಒಂದು ತಿಂಗಳ ಸಂಬಳ: 24,000. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ಅದನ್ನೂ ಒಂದು ವರ್ಷವೆಂದೇ ಎಣಿಸಬೇಕು. ಹೀಗಾಗಿ ಏಳು ವರ್ಷ ಎಂಟು ತಿಂಗಳು ಎಂಟು ವರ್ಷವಾಗುತ್ತದೆ, ಎಂಟು ಅರ್ಧ ಸಂಬಳವೆಂದರೆ 96,000. ಹೊಸ ಸಂಹಿತೆಯ ಪ್ರಕಾರ ಕಾರ್ಮಿಕರ ಮರುಕೌಶಲ ನಿಧಿಗೆ ಮಾಲೀಕ ಇನ್ನೂ 15 ದಿನದ ಸಂಬಳ ಕಟ್ಟಬೇಕು. ಆ 12,000 ತೆಗೆದ 45 ದಿನದೊಳಗೆ ಕೆಲಸಗಾರನ ಖಾತೆಗೆ ಬರಬೇಕು. ಮೂರೂ ಸೇರಿದರೆ 1,32,000. ಎಚ್‌ಆರ್ ಮುಂದಿಟ್ಟದ್ದು 48,000. ಒಂದು ಸಹಿಗೆ ಕಂಪನಿ ಎರಡು ತಿಂಗಳ ಸಂಬಳ ಕೊಡಲು ಏಕೆ ಮುಂದಾಯಿತು ಎಂಬುದು ಈಗ ಗೊತ್ತಾಯಿತಲ್ಲ? ರಾಜೀನಾಮೆ ಕೊಟ್ಟವನನ್ನು ಯಾರೂ ತೆಗೆದಂತಾಗುವುದಿಲ್ಲ. ನೋಟಿಸೂ ಬೇಡ, ಪರಿಹಾರವೂ ಬೇಡ, ಸರ್ಕಾರಕ್ಕೆ ತಿಳಿಸುವುದೂ ಬೇಡ.

ಇನ್ನು ಗ್ರಾಚ್ಯುಟಿ. 24,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಎಂಟರಿಂದ ಗುಣಿಸಿದರೆ ಸುಮಾರು 1,10,769. ಇದನ್ನು ನಾನು ಬೇಕೆಂದೇ ಮೇಲಿನ ಲೆಕ್ಕಕ್ಕೆ ಸೇರಿಸಲಿಲ್ಲ. ಐದು ವರ್ಷ ತುಂಬಿದವರಿಗೆ ಅದು ತೆಗೆದರೂ ಬರುತ್ತದೆ, ಬಿಟ್ಟರೂ ಬರುತ್ತದೆ. ‘ಸಹಿ ಹಾಕದಿದ್ದರೆ ಏನೂ ಸಿಗಲ್ಲ’ ಎಂಬ ಮಾತು ಆದ್ದರಿಂದ ಅಪ್ಪಟ ಸುಳ್ಳು. ಕೆಲವು ಕಡೆ ಈ ‘ಎರಡು ತಿಂಗಳ ಸಂಬಳ’ ಬರುವುದೇ ಕೆಲಸಗಾರನ ಗ್ರಾಚ್ಯುಟಿಯಿಂದ! ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಎಂಬ ಹಾಳೆಯಲ್ಲಿ ಎಲ್ಲವನ್ನೂ ಒಂದೇ ಮೊತ್ತವಾಗಿ ಬರೆದು, ಕೆಳಗೆ ‘ನನಗೆ ಇನ್ನೇನೂ ಬಾಕಿ ಇಲ್ಲ’ ಎಂಬ ಸಾಲು ಸೇರಿಸಿರುತ್ತಾರೆ. ಆ ಹಾಳೆ ಬಂದಾಗ ಯಾವ ಬಾಬ್ತಿಗೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದುಕೊಡಿ ಅನ್ನಬೇಕು.

ನಾನು ‘ಹೊಸ ಸಂಹಿತೆ’ ಎಂದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಸಂಸತ್ತು ಒಪ್ಪಿ ಐದು ವರ್ಷ ಕಪಾಟಿನಲ್ಲಿದ್ದದ್ದು 2025ರ ನವೆಂಬರ್ 21ರಂದು ಇನ್ನು ಮೂರು ಸಂಹಿತೆಗಳ ಜೊತೆ ಜಾರಿಗೆ ಬಂತು. ಮೇಲೆ ಹೇಳಿದ ನೋಟಿಸ್ ಮತ್ತು ಪರಿಹಾರ ಹಳೆಯ ಕಾಯ್ದೆಯಲ್ಲೂ ಹೀಗೆಯೇ ಇದ್ದವು, ಹೊಸತು ಆ ನಿಧಿಯ ಹಣ ಮಾತ್ರ. ಹಾಗೆಂದು ಕೆಲಸಗಾರರಿಗೆ ಲಾಭವೇ ಆಯಿತು ಅಂದುಕೊಳ್ಳಬೇಡಿ. ಕಾರ್ಖಾನೆ, ಗಣಿ, ತೋಟಗಳಲ್ಲಿ ಆಳು ಕಡಿತಕ್ಕೆ ಮೊದಲೇ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮ ಹಳೆಯ ಕೇಂದ್ರ ಕಾಯ್ದೆಯಲ್ಲಿ ನೂರು ಕೆಲಸಗಾರರಿದ್ದ ಕಡೆಯಿಂದ ಶುರುವಾಗುತ್ತಿತ್ತು. ಸಂಹಿತೆ ಆ ಗೆರೆಯನ್ನು 300ಕ್ಕೆ ಎಳೆದಿದೆ. ನಿಮ್ಮ ತಮ್ಮನ 120 ಜನರ ಕಾರ್ಖಾನೆ ಹೀಗೆ ಅನುಮತಿಯ ಲೆಕ್ಕದಿಂದ ಹೊರಗೆ ಬಿತ್ತು. ಪೀಣ್ಯದಂಥ ಸಣ್ಣ, ಮಧ್ಯಮ ಕಾರ್ಖಾನೆಗಳ ಪ್ರದೇಶದಲ್ಲಿ ಈ ಬದಲಾವಣೆ ಎಷ್ಟು ಜನರನ್ನು ಮುಟ್ಟುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಉದ್ಯಮ ಬೆಳೆಯಲು ಇದು ಬೇಕು ಎಂಬುದು ಸರ್ಕಾರದ ವಾದ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಅನುಮತಿ ಬೇಡವಾದ ಮೇಲೆ ಪರಿಹಾರದ ದರವನ್ನಾದರೂ ಏರಿಸಬಹುದಿತ್ತು. ಆ 15 ದಿನ ಹಳೆಯ ಕಾಯ್ದೆಯ ಕಾಲದಿಂದ ಅಲುಗಾಡಿಲ್ಲ.

ಆರ್ಡರ್ ಇಲ್ಲವೆನ್ನುವ ಮಾಲೀಕ ಯಾರನ್ನು ಬೇಕಾದರೂ ಆರಿಸಿ ಕಳಿಸುವಂತೆಯೂ ಇಲ್ಲ. ಆ ವಿಭಾಗದಲ್ಲಿ ಕೊನೆಗೆ ಸೇರಿದವನು ಮೊದಲು ಹೋಗಬೇಕು ಎಂಬುದು ಸಾಮಾನ್ಯ ನಿಯಮ. ಅದನ್ನು ಮೀರಿದರೆ ಕಾರಣವನ್ನು ಬರೆದಿಡಬೇಕು. ಹಾಗೆಯೇ ತೆಗೆದ ಒಂದು ವರ್ಷದೊಳಗೆ ಅದೇ ಕೆಲಸಕ್ಕೆ ಜನ ಬೇಕಾದರೆ ತೆಗೆದವರಿಗೆ ಮೊದಲ ಅವಕಾಶ. ಏಳು ವರ್ಷದ ಆಪರೇಟರನ್ನು ಕಳಿಸಿ ಅದೇ ಮಷಿನ್‌ಗೆ ಅರ್ಧ ಸಂಬಳದ ಹೊಸ ಹುಡುಗನನ್ನು ನಿಲ್ಲಿಸಿದ್ದಾರೆ ಎಂದು ಜೊತೆಯ ಕೆಲಸಗಾರರು ಹೇಳಿದರೆ, ಆ ಸುದ್ದಿಯನ್ನು ಬೈಗುಳದ ಜೊತೆ ಮರೆತುಬಿಡಬೇಡಿ, ತಾರೀಖು ಹಾಕಿ ಬರೆದಿಡಿ. ‘ಆರ್ಡರ್ ಇಲ್ಲ’ ಎಂಬ ಕಾರಣವೇ ಪೊಳ್ಳು ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಈಗ ಗೇಟಿನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಇದೇ. ಒಳಗೆ ಬಿಡುತ್ತಿಲ್ಲ, ಆದರೆ ತೆಗೆದಿದ್ದೇವೆ ಎಂದು ಬರೆದೂ ಕೊಟ್ಟಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಇದರ ಮುಂದಿನ ಹೆಜ್ಜೆ ಏನೆಂದು ಹಳೆಯ ಪ್ರಕರಣಗಳನ್ನು ಓದಿದವರಿಗೆ ಗೊತ್ತು. ಹತ್ತೋ ಹದಿನೈದೋ ದಿನ ಕಳೆದ ಮೇಲೆ ಮನೆಗೆ ಒಂದು ಪತ್ರ ಬರುತ್ತದೆ: ‘ನೀವು ಅನುಮತಿ ಇಲ್ಲದೆ ಗೈರುಹಾಜರಾಗಿದ್ದೀರಿ, ಆದ್ದರಿಂದ ನೀವೇ ಕೆಲಸ ಬಿಟ್ಟಿದ್ದೀರಿ ಎಂದು ಭಾವಿಸಿ ಹೆಸರು ತೆಗೆದುಹಾಕಿದ್ದೇವೆ.’

ಸುಪ್ರೀಂ ಕೋರ್ಟ್ 1993ರಲ್ಲಿ ತೀರ್ಪು ಕೊಟ್ಟ ಜೆಎಂಎ ಇಂಡಸ್ಟ್ರೀಸ್ ಪ್ರಕರಣ ಹೀಗೆಯೇ ಹುಟ್ಟಿದ್ದು. ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಎಂಬ ಸಾಲು ಕಂಪನಿಯ ಸ್ಥಾಯಿ ಆದೇಶದಲ್ಲಿ, ಅಂದರೆ ಸೇವಾ ನಿಯಮಾವಳಿಯಲ್ಲಿ, ಇತ್ತು. 1980ರ ಡಿಸೆಂಬರ್ 3ರಿಂದ ಬಂದಿಲ್ಲವೆಂದು 12ನೇ ತಾರೀಖೇ ಕೆಲಸಗಾರನ ಸೇವೆ ಮುಗಿಸಿದರು. ಅವನು ಹೇಳಿದ್ದು ಬೇರೆ: ಡಿಸೆಂಬರ್ 3ರಿಂದ ದಿನಾ ಬಂದಿದ್ದೇನೆ, ಗೇಟಿನಲ್ಲೇ ತಡೆದರು. ಕಂಪನಿಯ ನಿಯಮದಲ್ಲಿ ಏನೇ ಬರೆದಿರಲಿ, ಒಬ್ಬನ ಅನ್ನ ಕಿತ್ತುಕೊಳ್ಳುವ ಮೊದಲು ಅವನ ಮಾತು ಕೇಳಲೇಬೇಕು, ವಿಚಾರಣೆ ನಡೆಸಲೇಬೇಕು ಎಂದು ಕೋರ್ಟ್ ಹೇಳಿ, ಅರ್ಧ ಹಿಂಬಾಕಿ ಸಂಬಳದೊಂದಿಗೆ ಕೆಲಸಕ್ಕೆ ವಾಪಸ್ ಕಳಿಸಿತು. 1980ರಲ್ಲಿ ಕಳೆದ ಕೆಲಸಕ್ಕೆ 1993ರಲ್ಲಿ ತೀರ್ಪು ಎಂಬುದನ್ನೂ ಗಮನಿಸಿ. ಆ ಮಾತಿಗೆ ಮುಂದೆ ಬರುತ್ತೇನೆ.

ಆದ್ದರಿಂದ ನಿಮ್ಮ ತಮ್ಮ ನಾಳೆಯೇ ಮಾಡಬೇಕಾದ್ದು ಒಂದು ಪತ್ರ. ಕನ್ನಡದಲ್ಲೇ ಸಾಕು, ಅರ್ಧ ಪುಟ ಸಾಕು. ಇಂಥ ದಿನ ಇಂಥವರು ನನ್ನನ್ನು ಕರೆದು ರಾಜೀನಾಮೆ ಕೇಳಿದರು, ನಾನು ಒಪ್ಪಲಿಲ್ಲ. ಇಂಥ ದಿನದಿಂದ ಪ್ರತಿದಿನ ಇಂಥ ಶಿಫ್ಟಿಗೆ ಬಂದಿದ್ದೇನೆ, ಗೇಟಿನಲ್ಲಿ ತಡೆಯುತ್ತಿದ್ದಾರೆ. ನಾನು ಕೆಲಸ ಬಿಟ್ಟಿಲ್ಲ, ಕೆಲಸ ಕೊಡಿ, ಇಲ್ಲವಾದರೆ ಕಾರಣವನ್ನು ಲಿಖಿತವಾಗಿ ಕೊಡಿ. ಇಷ್ಟೇ. ಕೋಪದ ಮಾತು, ಬೆದರಿಕೆ ಯಾವುದೂ ಬೇಡ. ಸ್ವೀಕೃತಿ ಚೀಟಿ ಬರುವ ಹಾಗೆ ಅಂಚೆಯಲ್ಲಿ ಕಳಿಸಲಿ. ಹಿಂದೆ ರಿಜಿಸ್ಟರ್ಡ್ ಪೋಸ್ಟ್ ಅನ್ನುತ್ತಿದ್ದೆವು. 2025ರ ಸೆಪ್ಟೆಂಬರಿನಿಂದ ಅದು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಕೌಂಟರಿನಲ್ಲಿ ಕೇಳಿದರೆ ಹೇಳುತ್ತಾರೆ. ಅದೇ ಪತ್ರದ ಫೋಟೋ ಎಚ್‌ಆರ್‌ಗೆ ವಾಟ್ಸ್ಆ್ಯಪ್‌ನಲ್ಲೂ ಇಮೇಲ್‌ನಲ್ಲೂ ಹೋಗಲಿ. ಒಂದು ಪ್ರತಿ ಆ ಭಾಗದ ಕಾರ್ಮಿಕ ಅಧಿಕಾರಿಗೆ.

ಪತ್ರದಷ್ಟೇ ಮುಖ್ಯವಾದದ್ದು ಕೆಲಸ ಮಾಡಿದ್ದಕ್ಕೆ ದಾಖಲೆ. ಪರಿಹಾರ ಕೇಳಬೇಕಾದರೆ ಒಂದು ವರ್ಷದ ನಿರಂತರ ಸೇವೆ ಇರಬೇಕು, ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಒಂದು ವರ್ಷ. ವಾರದ ರಜೆ, ಸಂಬಳ ಸಹಿತ ರಜೆಗಳೂ ಈ 240ರಲ್ಲಿ ಸೇರುತ್ತವೆ ಎಂದು 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ 240 ದಿನ ಆಗಿದೆ ಎಂದು ಮೊದಲು ತೋರಿಸಬೇಕಾದವನು ಕೆಲಸಗಾರನೇ. ನಮ್ಮ ಕರ್ನಾಟಕದ ದಿನಗೂಲಿ ನೌಕರರೊಬ್ಬರ ಪ್ರಕರಣದಲ್ಲಿ 2005ರಲ್ಲಿ ಈ ವಿಷಯ ಸ್ಪಷ್ಟವಾಯಿತು. ನಾನು ಮಾಡಿದ್ದೇನೆ ಎಂದು ಪ್ರಮಾಣ ಪತ್ರ ಸಲ್ಲಿಸಿದರೆ ಮಾತ್ರ ಸಾಲದು, ಆದರೆ ಹಾಜರಿ ಪುಸ್ತಕ ಮಾಲೀಕನ ಕೈಯಲ್ಲೇ ಇರುವಾಗ ಅದನ್ನು ತರಿಸಿ ಎಂದು ಕೋರ್ಟನ್ನು ಕೇಳಬಹುದು. ನಿಮ್ಮ ತಮ್ಮನಿಗೆ ಇದು ಕಷ್ಟವಾಗದು. ಪಿಎಫ್ ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳೂ ಕಂಪನಿ ಕಟ್ಟಿದ್ದು ಕಾಣುತ್ತದೆ, ಬ್ಯಾಂಕಿಗೆ ಸಂಬಳ ಬಿದ್ದಿರುತ್ತದೆ, ಪೇ ಸ್ಲಿಪ್ ಇರುತ್ತದೆ. ಕಂಪನಿಯ ಆ್ಯಪ್‌ನಲ್ಲಿ ಪೇ ಸ್ಲಿಪ್ ಇದ್ದರೆ ಲಾಗಿನ್ ಬಂದ್ ಮಾಡುವ ಮೊದಲೇ ಇಳಿಸಿಕೊಳ್ಳಲಿ. ಗುತ್ತಿಗೆದಾರನ ಮೂಲಕ ಸೇರಿದವರ ಪಾಡು ಇಷ್ಟು ಸುಲಭವಲ್ಲ. ಅಲ್ಲಿ ಮಾಲೀಕ ಯಾರು ಎಂಬುದರಿಂದಲೇ ಜಗಳ ಶುರುವಾಗುತ್ತದೆ.

ಒಂದು ವೇಳೆ ಸಹಿ ಹಾಕಿಬಿಟ್ಟವರು ಇದನ್ನು ಓದುತ್ತಿದ್ದರೆ? ಹೆದರಿಸಿ ಬರೆಸಿಕೊಂಡ ರಾಜೀನಾಮೆ ರಾಜೀನಾಮೆಯಲ್ಲ ಎಂದು ಕಾನೂನು ಒಪ್ಪುತ್ತದೆ, ಆದರೆ ಹೆದರಿಸಿದರು ಎಂದು ತೋರಿಸುವ ಹೊರೆ ಸಹಿ ಹಾಕಿದವರ ಮೇಲೆ. ಆರು ತಿಂಗಳು ಸುಮ್ಮನಿದ್ದು ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಅದೇ ದಿನ, ಹೆಚ್ಚೆಂದರೆ ಮಾರನೆಯ ದಿನ ‘ಒತ್ತಡದಲ್ಲಿ ಬರೆದದ್ದು, ವಾಪಸ್ ಪಡೆಯುತ್ತೇನೆ’ ಎಂದು ಇಮೇಲ್ ಹೋಗಬೇಕು. ರಾಜೀನಾಮೆ ಜಾರಿಗೆ ಬರುವ ಮೊದಲು ಅದನ್ನು ಹಿಂಪಡೆಯಬಹುದು ಎಂಬ ತತ್ವಕ್ಕೆ ನಮ್ಮಲ್ಲಿ ಅಡಿಪಾಯ ಹಾಕಿದ್ದು ಕಾರ್ಮಿಕರ ಪ್ರಕರಣವಲ್ಲ, ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರದು! 1977ರ ಮೇ ತಿಂಗಳಲ್ಲಿ, ಆಗಸ್ಟ್ 1ರಿಂದ ಬಿಡುತ್ತೇನೆ ಎಂದು ರಾಷ್ಟ್ರಪತಿಗೆ ಬರೆದವರು ಜುಲೈನಲ್ಲಿ ಮನಸ್ಸು ಬದಲಿಸಿದರು. ಅದು ಸರಿ ಎಂದು ಸುಪ್ರೀಂ ಕೋರ್ಟ್ ಹೇಳಿತು. 2024ರಲ್ಲಿ ಕೊಂಕಣ ರೈಲ್ವೆಯ ನೌಕರರೊಬ್ಬರ ವಿಷಯದಲ್ಲೂ, ಒಪ್ಪಿಕೊಂಡದ್ದನ್ನು ನೌಕರನಿಗೆ ತಿಳಿಸದೆ ಕಡತದಲ್ಲಿ ಬರೆದುಕೊಂಡರೆ ಸಾಲದು ಎಂಬ ಕಾರಣಕ್ಕೆ ರಾಜೀನಾಮೆ ವಾಪಸಾತಿಯನ್ನು ಕೋರ್ಟ್ ಎತ್ತಿಹಿಡಿಯಿತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ: ಇಬ್ಬರಿಗೂ ಒಂದೇ ಕಾನೂನೇ? ಅಲ್ಲ. ಒಂದೇ ಮನೆಯಲ್ಲಿ ಊಟ ಮಾಡುವ ಅಕ್ಕ ತಮ್ಮ ಕಾನೂನಿನ ಕಣ್ಣಿಗೆ ಎರಡು ಜಾತಿ. ಇದುವರೆಗೆ ಹೇಳಿದ್ದೆಲ್ಲ ‘ಕೆಲಸಗಾರ’ ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ: ಕೈಕೆಲಸ, ತಾಂತ್ರಿಕ, ಕಾರಕೂನಿಕೆ, ಮಾರಾಟಕ್ಕೆ ಸಂಬಂಧಿಸಿದ ಕೆಲಸ ಮಾಡುವವರು. ಮ್ಯಾನೇಜರ್ ಮತ್ತು ಆಡಳಿತದ ಹುದ್ದೆಯವರು ಇದರಿಂದ ಹೊರಗೆ. ಸೂಪರ್‌ವೈಸರ್ ಕೆಲಸ ಮಾಡುತ್ತ ತಿಂಗಳಿಗೆ 18,000 ರೂಪಾಯಿ ಮೀರಿ ಪಡೆಯುವವರೂ ಹೊರಗೆ. ಈ 18,000ದ ಬಗ್ಗೆ ಬಹಳ ಗೊಂದಲವಿದೆ. ಅದು ಸೂಪರ್‌ವೈಸರ್‌ಗಳಿಗೆ ಮಾತ್ರ ಹಾಕಿದ ಮಿತಿ. ಆಪರೇಟರನಿಗೆ ಒಂದು ಲಕ್ಷ ಸಂಬಳವಿದ್ದರೂ ಅವನು ಕೆಲಸಗಾರನೇ. ‘ನಿನ್ನ ಸಂಬಳ 24,000, ನಿನಗೆ ಲೇಬರ್ ಕೋರ್ಟ್ ಇಲ್ಲ’ ಎಂದು ಯಾರಾದರೂ ಹೇಳಿದರೆ ನಿಮ್ಮ ತಮ್ಮ ನಂಬಬೇಕಿಲ್ಲ.

ನಿಮ್ಮದು ತೂಗಿ ನೋಡಬೇಕಾದ ಪ್ರಕರಣ. ವಿಸಿಟಿಂಗ್ ಕಾರ್ಡಿನಲ್ಲಿ ಏನಿದೆ ಎಂಬುದನ್ನು ನ್ಯಾಯಾಲಯ ನೋಡುವುದಿಲ್ಲ. ದಿನದ ಬಹುಪಾಲು ನೀವು ಏನು ಮಾಡುತ್ತೀರಿ ಎಂದು ಕೇಳುತ್ತದೆ. ಟೀಮ್ ಲೀಡ್ ಎಂದು ಹೆಸರಿಟ್ಟುಕೊಂಡು ನೀವು ದಿನವಿಡೀ ಕೋಡ್ ಬರೆಯುತ್ತ, ಬಗ್ ಸರಿಪಡಿಸುತ್ತ ಇದ್ದರೆ ಅದು ತಾಂತ್ರಿಕ ಕೆಲಸ, ಕೆಲಸಗಾರರ ಪಾಲಿಗೇ ಬರಬಹುದು. ರಜೆ ಮಂಜೂರು ಮಾಡುವುದು, ಅಪ್ರೈಸಲ್ ಬರೆಯುವುದು, ಯಾರನ್ನು ಇಟ್ಟುಕೊಳ್ಳಬೇಕು ಯಾರನ್ನು ಬಿಡಬೇಕು ಎಂದು ನಿರ್ಧರಿಸುವುದು ನಿಮ್ಮ ಕೈಯಲ್ಲಿದ್ದರೆ ಬಾಗಿಲು ಮುಚ್ಚಿತು. 2015ರಲ್ಲಿ ಟಿಸಿಎಸ್‌ನಿಂದ ಹೊರಹಾಕಲ್ಪಟ್ಟ ಚೆನ್ನೈನ ಟೆಕ್ಕಿಯೊಬ್ಬರ ವಿಷಯದಲ್ಲಿ ಕಂಪನಿ ಇದೇ ವಾದ ಹೂಡಿತ್ತು. ಏಳು ವರ್ಷದ ಹೋರಾಟದ ಮೇಲೆ ಅಲ್ಲಿನ ಕಾರ್ಮಿಕ ನ್ಯಾಯಾಲಯ ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು.

ಸಾಫ್ಟ್‌ವೇರ್ ಕಂಪನಿಗಳಿಗೆ ಕಾರ್ಮಿಕ ಕಾನೂನೇ ಇಲ್ಲ ಎಂಬ ಮಾತು ಬೆಂಗಳೂರಿನಲ್ಲಿ ಎಷ್ಟು ಹರಡಿದೆಯೆಂದರೆ ಎಚ್‌ಆರ್‌ನವರೇ ಪ್ರಾಮಾಣಿಕವಾಗಿ ಅದನ್ನು ನಂಬಿರುತ್ತಾರೆ. ನಿಜ ಇಷ್ಟು: ಐಟಿ, ಬಿಟಿ, ಬಿಪಿಒ ಕಂಪನಿಗಳಿಗೆ ರಾಜ್ಯ ಸರ್ಕಾರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಮಾತ್ರ ವಿನಾಯಿತಿ ಕೊಡುತ್ತ ಬಂದಿತ್ತು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ಅದನ್ನು ಮುಂದುವರಿಸಿತು. ಅದಕ್ಕೂ ಷರತ್ತುಗಳಿದ್ದವು. ಕುಂದುಕೊರತೆ ಸಮಿತಿ ಇರಬೇಕು. ಯಾರನ್ನಾದರೂ ಅಮಾನತು ಮಾಡಿದರೆ, ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಒಂದು ಕಾಯ್ದೆಯ ವಿನಾಯಿತಿಯನ್ನು ಎಲ್ಲ ಕಾಯ್ದೆಗಳ ವಿನಾಯಿತಿ ಎಂದು ಹಬ್ಬಿಸಿದ್ದು ಯಾರೋ, ಅದರಿಂದ ಲಾಭ ಪಡೆದವರು ಯಾರು ಎಂದು ಬೇರೆ ಹೇಳಬೇಕಿಲ್ಲ.

ನಿಮ್ಮಂಥವರಿಗೆ ಇನ್ನೊಂದು ಆಸರೆ ಇದೆ, ಕಡಿಮೆ ಜನಕ್ಕೆ ಗೊತ್ತಿರುವುದು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಹೆಸರು ಕೇಳಿ ಕಿರಾಣಿ ಅಂಗಡಿಯದು ಅನ್ನಿಸಬಹುದು, ಆದರೆ ಆಫೀಸುಗಳೂ ಸಾಫ್ಟ್‌ವೇರ್ ಕಂಪನಿಗಳೂ ಅದರಡಿಯೇ ನೋಂದಾಯಿಸಿಕೊಂಡಿರುತ್ತವೆ. ಇದು ರಾಜ್ಯದ ಕಾನೂನು, ಸಂಹಿತೆಗಳು ಬಂದರೂ ಇದು ಹೋಗಿಲ್ಲ. ಇದರ 39ನೇ ಕಲಂ ಪ್ರಕಾರ ಆರು ತಿಂಗಳ ಸೇವೆ ಆದವರನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಸಂಬಳ ಇಲ್ಲದೆ ತೆಗೆಯುವಂತಿಲ್ಲ. ದುರ್ನಡತೆಯ ಆರೋಪವಿದ್ದರೆ ನೋಟಿಸ್ ಬೇಡ, ಆದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. ತಪ್ಪಾಗಿ ತೆಗೆದರೆ ನೇಮಿತ ಪ್ರಾಧಿಕಾರಕ್ಕೆ ಮೇಲ್ಮನವಿ ಹೋಗಬಹುದು, ತಡಮಾಡದೆ ಹೋಗಬೇಕು. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿರುವವರಿಗೆ ಇದೂ ಅನ್ವಯಿಸುವುದಿಲ್ಲ.

ಹಾಗಾದರೆ ನಿಜವಾಗಿ ಮ್ಯಾನೇಜರ್ ಆಗಿರುವವರ ಗತಿ? ಅವರಿಗೆ ಉಳಿಯುವುದು ನೇಮಕಾತಿ ಪತ್ರ. ಅದರಲ್ಲಿ ಎರಡು ತಿಂಗಳ ನೋಟಿಸ್ ಎಂದಿದ್ದರೆ ಎರಡು ತಿಂಗಳ ಸಂಬಳ, ಅದಕ್ಕೆ ಸಿವಿಲ್ ಕೋರ್ಟು. ಬೇಡವೆಂದ ನೌಕರನನ್ನು ಇಟ್ಟುಕೋ ಎಂದು ಖಾಸಗಿ ಮಾಲೀಕನಿಗೆ ಸಿವಿಲ್ ಕೋರ್ಟ್ ಹೇಳುವುದಿಲ್ಲ, ನಷ್ಟವನ್ನಷ್ಟೇ ಕೊಡಿಸುತ್ತದೆ. ಐವತ್ತು ಲಕ್ಷದ ಪ್ಯಾಕೇಜಿನ ವೈಸ್ ಪ್ರೆಸಿಡೆಂಟ್‌ಗಿಂತ ನಿಮ್ಮ ತಮ್ಮನ ಕೈಯಲ್ಲಿ ಹೆಚ್ಚು ಬಲವಾದ ಕಾನೂನಿದೆ ಎಂದರೆ ವಿಚಿತ್ರವೆನಿಸಬಹುದು, ಆದರೆ ಪರಿಸ್ಥಿತಿ ಅದೇ. ಖಾಸಗಿ ಶಾಲೆಯ ಶಿಕ್ಷಕರು ‘ಕೆಲಸಗಾರ’ರಲ್ಲ ಎಂದು 1988ರಲ್ಲಿ ಗೋವಾದ ಪ್ರಕರಣವೊಂದರಲ್ಲಿ ತೀರ್ಮಾನವಾಯಿತು. ಅವರಿಗೆ ನಮ್ಮಲ್ಲಿ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಬೇರೆ ನ್ಯಾಯಮಂಡಳಿ ಇದೆ. ಸರ್ಕಾರಿ ನೌಕರರದು ಸಂವಿಧಾನದ 311ನೇ ವಿಧಿಯ ದಾರಿ, ಅದನ್ನು ಇಲ್ಲಿ ಬಿಡೋಣ.

ನೀವು ಹೇಳಿದ ಮೀಟಿಂಗ್ ರೂಮಿನ ಪ್ರಕರಣಗಳಲ್ಲಿ ಹೆಚ್ಚಾಗಿ ಕೇಳಿಬರುವ ಕಾರಣ ‘ಪರ್ಫಾರ್ಮೆನ್ಸ್’. ಕೆಲಸ ಚೆನ್ನಾಗಿಲ್ಲ ಎನ್ನುವುದು ಒಂದು, ತಪ್ಪು ಮಾಡಿದ್ದೀರಿ ಎನ್ನುವುದು ಇನ್ನೊಂದು. ಕಳ್ಳತನ, ಜಗಳ, ಸುಳ್ಳು ಬಿಲ್ಲು ಎಂಥ ಆರೋಪವೇ ಇರಲಿ, ಅದಕ್ಕೆ ಆಪಾದನಾ ಪತ್ರ ಕೊಡಬೇಕು, ಉತ್ತರಕ್ಕೆ ಸಮಯ ಕೊಡಬೇಕು, ಸಾಕ್ಷಿಗಳನ್ನು ನೌಕರನ ಎದುರಿಗೇ ವಿಚಾರಿಸಬೇಕು, ಅವನಿಗೆ ಪಾಟೀಸವಾಲಿಗೆ ಅವಕಾಶ ಕೊಡಬೇಕು. ಈ ಹೆಜ್ಜೆಗಳನ್ನು ಹಾರಿದ ವಜಾ ನಿಲ್ಲುವುದು ಕಷ್ಟ. ಸುಳ್ಳು ಆರೋಪ ಹೊರಿಸಿ, ಸೇಡಿಗಾಗಿ, ಅನುಚಿತ ಅವಸರದಲ್ಲಿ ತೆಗೆಯುವುದನ್ನು ಅನ್ಯಾಯದ ಕಾರ್ಮಿಕ ಪದ್ಧತಿ ಎಂದು ಸಂಹಿತೆಯ ಅನುಸೂಚಿಯೇ ಹೆಸರಿಸುತ್ತದೆ. ಆದರೆ ಹೆಜ್ಜೆಗಳನ್ನು ಸರಿಯಾಗಿ ಇಟ್ಟ ಮಾಲೀಕನ ಪರವಾಗಿಯೂ ಕೋರ್ಟ್ ನಿಂತದ್ದುಂಟು. ಪುಣೆಯ ಭಾರತ್ ಫೋರ್ಜ್‌ನ ಕೆಲಸಗಾರನೊಬ್ಬ 1983ರಲ್ಲಿ ಹಾಡಹಗಲು ಕಾರ್ಖಾನೆಯೊಳಗೆ ನಿದ್ದೆ ಹೊಡೆಯುತ್ತಿದ್ದಾಗ ಸಿಕ್ಕಿಬಿದ್ದ. ಹಿಂದೆ ಮೂರು ಸಲ ಇಂಥದ್ದೇ ತಪ್ಪಿಗೆ ಸಣ್ಣ ಶಿಕ್ಷೆಯಾಗಿತ್ತು. ವಿಚಾರಣೆ ನಡೆಸಿ ವಜಾ ಮಾಡಿದರು. ಶಿಕ್ಷೆ ಹೆಚ್ಚಾಯಿತೆಂದು ಕಾರ್ಮಿಕ ನ್ಯಾಯಾಲಯ ಕನಿಕರ ತೋರಿತು, ಸುಪ್ರೀಂ ಕೋರ್ಟ್ 2005ರಲ್ಲಿ ವಜಾ ಸರಿ ಎಂದಿತು.

ಇವೆಲ್ಲವುಗಳ ಆಚೆ ಕೆಲವರನ್ನು ಕೆಲವು ಕಾಲದಲ್ಲಿ ಮುಟ್ಟುವಂತೆಯೇ ಇಲ್ಲ. ಬಸುರಿಯಾಗಿ ಹೆರಿಗೆ ರಜೆಯಲ್ಲಿರುವವಳನ್ನು ಅದೇ ಕಾರಣಕ್ಕೆ ತೆಗೆಯುವುದು 1961ರಿಂದಲೂ ಕಾನೂನುಬಾಹಿರ. ‘ಮ್ಯಾನೇಜರ್’ ಆಗಿದ್ದರೂ ಅವಳಿಗೆ ಈ ರಕ್ಷಣೆ ಇದೆ. ನಿಮ್ಮ ಆಫೀಸಿನಲ್ಲಿ ಯಾರಿಗಾದರೂ ಹಾಗಾಗಿದ್ದರೆ ಅವರಿಗೆ ಮೇಲಿನ ಯಾವ ತರ್ಕವೂ ಬೇಕಿಲ್ಲ.

ಎಲ್ಲಿಗೆ ಹೋಗಬೇಕು, ಎಷ್ಟು ದಿನ ಹಿಡಿಯುತ್ತದೆ ಎನ್ನುವುದು ಉಳಿದ ಪ್ರಶ್ನೆ. ನಿಮ್ಮ ತಮ್ಮ ಮೊದಲು ಆ ಭಾಗದ ಕಾರ್ಮಿಕ ಅಧಿಕಾರಿಯ ಬಳಿ ದೂರು ಕೊಡಬೇಕು. ಯಾರೆಂದು ಗೊತ್ತಾಗದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳಬಹುದು. ಯೂನಿಯನ್ ಬೇಕೆಂದೇನೂ ಇಲ್ಲ, ಒಬ್ಬನೇ ನೌಕರನ ವಜಾ ಕೂಡ ಕೈಗಾರಿಕಾ ವಿವಾದವೇ. ಅಧಿಕಾರಿ ಕಂಪನಿಯವರನ್ನೂ ಕರೆಸಿ ಸಂಧಾನ ಮಾಡಿಸುತ್ತಾರೆ, ಅದಕ್ಕೆ 45 ದಿನದ ಗಡುವು. ಆಗದಿದ್ದರೆ ಅವರ ವರದಿ ಬಂದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ. ವಕೀಲರನ್ನು ಇಟ್ಟೇ ತೀರಬೇಕೆಂದಿಲ್ಲ, ಎದುರು ಪಕ್ಷ ಒಪ್ಪದಿದ್ದರೆ ನ್ಯಾಯಮಂಡಳಿಯಲ್ಲಿ ವಕೀಲರು ನಿಲ್ಲುವಂತೆಯೂ ಇಲ್ಲ. ಯೂನಿಯನ್ ಮುಖಂಡರು ವಾದಿಸಬಹುದು, ಅವರಲ್ಲಿ ಕೆಲವರು ಕರಿಕೋಟಿನವರಿಗಿಂತ ಚೆನ್ನಾಗಿ ವಾದಿಸುತ್ತಾರೆ. ಒಂದು ಗಡುವನ್ನು ಮಾತ್ರ ಮರೆಯಬಾರದು: ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಹಳೆಯ ಕಾಯ್ದೆಯಲ್ಲಿ ಕೆಲಸಗಾರ ನೇರವಾಗಿ ನ್ಯಾಯಾಲಯಕ್ಕೆ ಹೋಗಲು ಮೂರು ವರ್ಷವಿತ್ತು.

ಗೆದ್ದರೆ ಏನು ಸಿಗುತ್ತದೆ? ತಪ್ಪಾಗಿ ತೆಗೆದಿದ್ದರೆ ಸೇವಾ ನಿರಂತರತೆ ಮತ್ತು ಹಿಂಬಾಕಿ ಸಂಬಳದೊಂದಿಗೆ ಕೆಲಸಕ್ಕೆ ವಾಪಸ್ ಎಂಬುದೇ ಸಾಮಾನ್ಯ ನಿಯಮ ಎಂದು ಮಹಾರಾಷ್ಟ್ರದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಬೇರೆ ಕೆಲಸವಿರಲಿಲ್ಲ ಎಂದು ನೌಕರ ಹೇಳಬೇಕು, ಇತ್ತು ಎನ್ನುವುದಾದರೆ ಮಾಲೀಕ ತೋರಿಸಬೇಕು. ದಿನಗೂಲಿಗಳ ವಿಷಯದಲ್ಲಿ ಮಾತ್ರ ಕೋರ್ಟುಗಳು ವಾಪಸ್ ಕಳಿಸುವ ಬದಲು ಒಂದಿಷ್ಟು ಇಡಿಗಂಟು ಕೊಡಿಸಿ ಮುಗಿಸುವುದು ಈಗ ಹೆಚ್ಚು. ಗೆದ್ದ ಮೇಲೆ ಕಂಪನಿ ಹೈಕೋರ್ಟಿಗೆ ಹೋದರೆ ಅಲ್ಲಿ ಕೇಸು ನಡೆಯುವಷ್ಟು ಕಾಲ ಕೊನೆಯ ಸಂಬಳವನ್ನು ಕೊಡುತ್ತಿರಬೇಕು ಎಂಬ ನಿಯಮವೂ ಇದೆ.

ಆದರೆ ಹದಿಮೂರು ವರ್ಷ ಹಿಡಿದ ಪ್ರಕರಣವನ್ನು ಮೇಲೆ ಹೇಳಿದೆನಲ್ಲ, ಅದು ಅಪರೂಪವಲ್ಲ. ಮೂವತ್ತರ ಹರೆಯದ ಆಪರೇಟರನಿಗೆ ಅಷ್ಟು ಕಾಲ ಕೈಕಟ್ಟಿ ಕೂರಲು ಆಗದು, ಕೂರಬೇಕೆಂದು ನಾನೂ ಹೇಳಲಾರೆ. ಬೇರೆ ಕಡೆ ಕೆಲಸಕ್ಕೆ ಸೇರಲಿ, ಅದರಿಂದ ಕೇಸು ಬಿದ್ದುಹೋಗುವುದಿಲ್ಲ. ಹಿಂಬಾಕಿ ಸಂಬಳ ಕಡಿಮೆಯಾಗಬಹುದು ಅಷ್ಟೇ. ಕಾರ್ಮಿಕ ಅಧಿಕಾರಿಯ ಎದುರು ಕೂತು ರಾಜಿಯಾಗುವುದರಲ್ಲಿ ಸೋಲೂ ಇಲ್ಲ. ಆದರೆ ಅಲ್ಲಿಗೆ ಹೋಗುವಾಗ 1,32,000 ಮತ್ತು ಅದರ ಮೇಲೆ ಗ್ರಾಚ್ಯುಟಿ ಎಂಬ ಲೆಕ್ಕ ಅವನ ಜೇಬಿನಲ್ಲಿರಬೇಕು, ಅದಕ್ಕಿಂತ ಕೆಳಗೆ ಇಳಿಯಬಾರದು. ರಾಜಿಯಾದರೆ ಅಧಿಕಾರಿಯ ಮುಂದೆಯೇ ಬರೆದು ಸಹಿ ಮಾಡಿಸಿಕೊಳ್ಳಲಿ, ಮೊತ್ತವನ್ನು ನಗದಾಗಿ ತೆಗೆದುಕೊಳ್ಳದೆ ಬ್ಯಾಂಕಿಗೆ ಹಾಕಿಸಿಕೊಳ್ಳಲಿ. ಬಾಕಿ ಸಂಬಳಕ್ಕೆ ಕಾಯುವ ಅಗತ್ಯವೂ ಇಲ್ಲ: ವೇತನ ಸಂಹಿತೆಯ ಪ್ರಕಾರ ತೆಗೆದರೂ ಬಿಟ್ಟರೂ ಎರಡು ಕೆಲಸದ ದಿನಗಳೊಳಗೆ ಅದು ಕೈಸೇರಬೇಕು, ಗ್ರಾಚ್ಯುಟಿ 30 ದಿನದೊಳಗೆ. ‘ಸೆಟಲ್‌ಮೆಂಟ್‌ಗೆ 45 ದಿನ ಬೇಕು’ ಎಂದು ನಿಮ್ಮ ಕಂಪನಿಯ ಎಚ್‌ಆರ್ ಪಾಲಿಸಿಯಲ್ಲೂ ಬರೆದಿರಬಹುದು, ಒಮ್ಮೆ ತೆಗೆದು ನೋಡಿ.